ಕಿಡಿ ಒಬ್ಬರದು, ಗುಡ್ಡ ಎಲ್ಲರದು

ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. 2026ಕ್ಕೆ ಅವರ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ನಮ್ಮ ಆಗಸ್ಟ್ 15 ಬೆಳಗಿನ ಹಬ್ಬ: ಧ್ವಜಾರೋಹಣ, ಕವಾಯತು, ಭಾಷಣ, ಮಕ್ಕಳ ಕೈಗೆ ಸಿಹಿ. ಅವರದು ರಾತ್ರಿಯ ಹಬ್ಬ. ಹಗಲು ಮೆರವಣಿಗೆ, ಸಂಜೆ ಹಿತ್ತಲಲ್ಲಿ ಕೆಂಡದ ಒಲೆ ಹೂಡಿ ಊಟ, ಕತ್ತಲಾಗುತ್ತಿದ್ದಂತೆ ಪಟಾಕಿ. ದೇಶದ ಪಶ್ಚಿಮ ಭಾಗದಲ್ಲಿ ಈ ಪಟಾಕಿಗೆ ಪ್ರತಿ ಬೇಸಿಗೆಯೂ ತಡೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೇಲಕ್ಕೆ ಹಾರುವ ಅಥವಾ ಸಿಡಿಯುವ ಯಾವುದನ್ನೂ ಸಾಮಾನ್ಯ ಜನ ಹಚ್ಚುವಂತಿಲ್ಲ. ಲಾಸ್ ಏಂಜಲೀಸ್ ನಗರದಲ್ಲಂತೂ ಸುರುಸುರು ಬತ್ತಿಗೂ ಅವಕಾಶವಿಲ್ಲ. ಜೂನ್ ಕೊನೆಯ ವಾರ ಅಗ್ನಿಶಾಮಕ ದಳದವರು ಎಚ್ಚರಿಕೆ ಕೊಡುತ್ತಾರೆ, ಪೊಲೀಸರು ದಂಡದ ಮೊತ್ತ ಸಾರುತ್ತಾರೆ. ಆದರೆ 4ರ ರಾತ್ರಿ ಅದೇ ಲಾಸ್ ಏಂಜಲೀಸಿನ ಆಕಾಶ ನೋಡಿದವರು ಈ ಊರಲ್ಲಿ ಪಟಾಕಿ ನಿಷೇಧವಿದೆ ಎಂದರೆ ನಂಬಲಾರರು. ಜನಕ್ಕೆ ಕಾನೂನಿನ ಭಯವಿಲ್ಲ ಎಂದು ಒಂದು ಪಕ್ಷ ಗೊಣಗುತ್ತದೆ, ಸರ್ಕಾರಕ್ಕೆ ಜನರ ಸಂಭ್ರಮ ಕಂಡರೆ ಆಗುವುದಿಲ್ಲ ಎಂದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಇಷ್ಟು ಅಪಾಯಕಾರಿ ಕೆಲಸವನ್ನು ಇಷ್ಟೊಂದು ಜನ, ಅದರಲ್ಲೂ ಉಳಿದೆಲ್ಲ ವಿಷಯದಲ್ಲಿ ಕಾನೂನು ಪಾಲಿಸುವವರೇ, ಏಕೆ ಮಾಡುತ್ತಾರೆ ಎಂಬುದನ್ನು ಮಾತ್ರ ಎರಡೂ ವಿವರಿಸುವುದಿಲ್ಲ.

ಪಟಾಕಿ ಈ ಹಬ್ಬಕ್ಕೆ ಆಮೇಲೆ ಸೇರಿಕೊಂಡ ಅಲಂಕಾರ ಅಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಮುಂದೆ ಆ ದೇಶದ ಎರಡನೇ ಅಧ್ಯಕ್ಷರಾದ ಜಾನ್ ಆಡಮ್ಸ್ 1776ರ ಜುಲೈ 3ರಂದು ಹೆಂಡತಿ ಅಬಿಗೇಲ್‌ಗೆ ಬರೆದ ಕಾಗದದಲ್ಲಿ, ಸ್ವಾತಂತ್ರ್ಯದ ನಿರ್ಧಾರವನ್ನು ಮುಂದಿನ ತಲೆಮಾರುಗಳು ಮೆರವಣಿಗೆ, ಆಟೋಟ, ಗಂಟೆನಾದ, ಬೆಂಕಿ ಬೆಳಕುಗಳೊಂದಿಗೆ ಖಂಡದ ಈ ತುದಿಯಿಂದ ಆ ತುದಿಯವರೆಗೆ ಆಚರಿಸಬೇಕು ಎಂದು ಹಾರೈಸಿದ್ದರು. ಮರುವರ್ಷ ಜುಲೈ 4ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಹದಿಮೂರು ವಸಾಹತುಗಳ ಲೆಕ್ಕಕ್ಕೆ ಹದಿಮೂರು ರಾಕೆಟ್ ಹಾರಿಸಿ ಬಾಣಬಿರುಸು ನಡೆಸಿದರು. ಆದರೆ ಆಡಮ್ಸ್ ಕಂಡಿದ್ದ ನೆಲ ಅಟ್ಲಾಂಟಿಕ್ ತೀರದ್ದು. ಅಲ್ಲಿ ಜುಲೈ ಎಂದರೆ ಬೆವರಿಳಿಸುವ ಸೆಕೆ, ಮಧ್ಯಾಹ್ನದ ಮೇಲೆ ಗುಡುಗುಮಳೆ. ಹುಲ್ಲು ಹಸಿರಾಗಿಯೇ ಇರುತ್ತದೆ, ಬಿದ್ದ ಕಿಡಿ ಅಲ್ಲೇ ಆರುತ್ತದೆ. ದೇಶ ಪಶ್ಚಿಮಕ್ಕೆ ಬೆಳೆದಾಗ ಹಬ್ಬವೂ ಜೊತೆಗೆ ಹೊರಟಿತು, ತಾರೀಖು ಬದಲಾಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬಹುತೇಕ ಹನಿ ನೀರಿಲ್ಲ, ಜೂನ್ ಹೊತ್ತಿಗೆ ಗುಡ್ಡಗಳೆಲ್ಲ ಹೊಂಬಣ್ಣಕ್ಕೆ ತಿರುಗಿರುತ್ತವೆ. ನೆವಾಡ, ಯೂಟಾ, ಐಡಾಹೊ ಬಯಲುಗಳಲ್ಲಿ ಚೀಟ್‌ಗ್ರಾಸ್ ಎಂಬ ಹುಲ್ಲಿದೆ. ಯುರೋಪ್, ಏಷ್ಯಾ ಕಡೆಯಿಂದ ಹತ್ತೊಂಬತ್ತನೇ ಶತಮಾನದಲ್ಲಿ ಬಂದು ನೆಲೆಯೂರಿದ ಕಳೆ ಅದು. ವಸಂತದಲ್ಲಿ ಬೇಗ ಚಿಗುರಿ, ಬೇಗ ತೆನೆ ಬಿಟ್ಟು, ಉಳಿದ ಗಿಡಗಂಟಿ ಹಸಿರಾಗಿರುವಾಗಲೇ ಒಣಗಿ ನಿಲ್ಲುತ್ತದೆ. ಅಂಗೈಯಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಕಾಳ್ಗಿಚ್ಚಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಡ. ಒದ್ದೆ ನೆಲದವರು ಗೊತ್ತುಮಾಡಿದ ದಿನ ಒಣನೆಲದವರ ಪಾಲಿಗೆ ವರ್ಷದ ಕೆಟ್ಟ ಹೊತ್ತಿನಲ್ಲಿ ಬಂದು ಕೂತಿದೆ.

ಇದರ ಫಲ ಅಂಕಿಗಳಲ್ಲಿ ಎದ್ದು ಕಾಣುತ್ತದೆ. ಜೆನಿಫರ್ ಬಾಲ್ಚ್ ಮತ್ತು ಸಂಗಡಿಗ ವಿಜ್ಞಾನಿಗಳು 1992ರಿಂದ 2012ರವರೆಗಿನ ಅಮೆರಿಕದ ಕಾಳ್ಗಿಚ್ಚಿನ ದಾಖಲೆಗಳನ್ನು ಜಾಲಾಡಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ 21 ವರ್ಷಗಳ ಬೆಂಕಿಗಳಲ್ಲಿ ಶೇ 84ರಷ್ಟು ಮನುಷ್ಯರಿಂದ ಹತ್ತಿದ್ದವು. ವರ್ಷದ 365 ದಿನಗಳಲ್ಲಿ ಮನುಷ್ಯರು ಅತಿ ಹೆಚ್ಚು ಬೆಂಕಿ ಹಚ್ಚಿದ ದಿನ ಜುಲೈ 4. ಆ ಒಂದು ತಾರೀಖಿಗೆ ಒಟ್ಟು 7,762 ಬೆಂಕಿಗಳು. ಅಗ್ನಿ ಸುರಕ್ಷೆಯ ರಾಷ್ಟ್ರೀಯ ಸಂಘಟನೆ ಎನ್‌ಎಫ್‌ಪಿಎ ಅಂದಾಜಿನಂತೆ 2018ರಲ್ಲಿ ಪಟಾಕಿಯಿಂದ ಆದ ಬೆಂಕಿ ಪ್ರಕರಣಗಳು 19,500. ಅವುಗಳಲ್ಲಿ ಸುಮಾರು 1,900 ಮನೆ, ಕಟ್ಟಡಗಳಿಗೆ ತಗುಲಿದವು. ಬೆಂಕಿ ಹತ್ತುವ ರೀತಿಯಲ್ಲಿ ನಿಗೂಢವೇನೂ ಇಲ್ಲ. ಸುರುಸುರು ಬತ್ತಿಯ ತುದಿಯ ಶಾಖವೇ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನದು. ಒಣಹುಲ್ಲು ಹೊತ್ತಲು ಅದರ ಮೂರನೇ ಒಂದು ಪಾಲು ಸಾಕು. ಆಕಾಶಕ್ಕೆ ಹಾರಿದ ಬಾಣ ಸಿಡಿದ ಮೇಲೆ ಅದರ ರಟ್ಟಿನ ಕವಚ ಕೆಂಪಗೆ ಕೆರಳುತ್ತಲೇ ಗಾಳಿ ಬೀಸಿದ ಕಡೆ ಇಳಿಯುತ್ತದೆ. ಹಚ್ಚಿದವನ ಕಣ್ಣು ಮೇಲಿರುತ್ತದೆ. ಕವಚ ಬೇಲಿಯಾಚೆ ಹುಲ್ಲಿನ ಬುಡದಲ್ಲಿ ಬಿದ್ದು ಹೊಗೆಯಾಡಿ, ಉರಿ ಮೇಲೇಳುವ ಹೊತ್ತಿಗೆ ಅವನು ಇನ್ನೂ ನಾಲ್ಕು ಬಾಣ ಬಿಟ್ಟಿರುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಏಕೆ ಹಚ್ಚುತ್ತಾರೆ? ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಹಾಕುವ ಲೆಕ್ಕ ತಪ್ಪಿಲ್ಲದ್ದರಿಂದ. ‘ಇಷ್ಟು ವರ್ಷದಿಂದ ಹಚ್ಚುತ್ತಿದ್ದೇವೆ, ಏನೂ ಆಗಿಲ್ಲ’ ಎನ್ನುವವನು ಸುಳ್ಳು ಹೇಳುತ್ತಿಲ್ಲ. ಒಂದು ಮನೆಯ ಒಂದು ಪೊಟ್ಟಣ ಪಟಾಕಿ ಗುಡ್ಡ ಸುಡುವ ಸಂಭವ ನಿಜಕ್ಕೂ ತೀರಾ ಕಡಿಮೆ. ಆದರೆ ಅಂಥ ಸಣ್ಣ ಸಂಭವವನ್ನು ಒಂದೇ ರಾತ್ರಿ, ಒಂದೇ ಒಣ ನೆಲದ ಮೇಲೆ ಲಕ್ಷಾಂತರ ಮನೆಗಳು ಒಟ್ಟಿಗೆ ಪರೀಕ್ಷೆಗೆ ಒಡ್ಡಿದರೆ ಎಲ್ಲೋ ಕೆಲವು ನೂರು ಕಡೆ ಬೆಂಕಿ ಏಳುವುದು ಖಚಿತ. ಅದು ಯಾರ ಮನೆಯ ಕಿಡಿ ಎಂಬುದಷ್ಟೇ ಅದೃಷ್ಟದ ಮಾತು. ಒರೆಗಾನ್‌ನ ಕೊಲಂಬಿಯಾ ಕಣಿವೆಯಲ್ಲಿ 2017ರ ಸೆಪ್ಟೆಂಬರ್ 2ರಂದು ಆದದ್ದು ಇದೇ. ಕಾರ್ಮಿಕ ದಿನದ ರಜೆಯ ವಾರಾಂತ್ಯ, ಬೆಂಕಿ ಹಚ್ಚಬಾರದೆಂಬ ಆದೇಶ ಜಾರಿಯಲ್ಲಿತ್ತು. ಹದಿನೈದು ವರ್ಷದ ಹುಡುಗನೊಬ್ಬ ಈಗಲ್ ಕ್ರೀಕ್ ಎಂಬಲ್ಲಿ ಒಂದು ಹೊಗೆಬಾಂಬು ಹಚ್ಚಿ ಕಮರಿಗೆ ಎಸೆದ. ಚಾರಣಕ್ಕೆ ಹೋಗಿದ್ದ ಸುಮಾರು 150 ಮಂದಿ ಕಾಡಿನಲ್ಲೇ ಸಿಕ್ಕಿಬಿದ್ದರು, ಕಿಡಿಗಳು ಕೊಲಂಬಿಯಾ ನದಿಯನ್ನೇ ದಾಟಿ ಆಚೆಯ ವಾಷಿಂಗ್ಟನ್ ರಾಜ್ಯದಲ್ಲಿ ಬೆಂಕಿ ಹಚ್ಚಿದವು, 48,000 ಎಕರೆಗೂ ಹೆಚ್ಚು ಕಾಡು ಉರಿಯಿತು. ನ್ಯಾಯಾಲಯ ಆ ಹುಡುಗನಿಗೆ 36 ಮಿಲಿಯನ್ ಡಾಲರ್‌ಗೂ ಹೆಚ್ಚಿನ ಪರಿಹಾರ ವಿಧಿಸಿತು. ಅವನ ಜೀವಮಾನದಲ್ಲಿ ತೀರುವ ಮೊತ್ತ ಅದಲ್ಲವೆಂದು ತಿಳಿದೇ, ಕಂತು ಕಟ್ಟಿ ನಡತೆ ಸರಿಯಿದ್ದರೆ ಹತ್ತು ವರ್ಷಗಳ ಬಳಿಕ ನಿಲ್ಲಿಸುವ ಅವಕಾಶವನ್ನೂ ಇಟ್ಟಿತು. ಅಂಥ ಹೊಗೆಬಾಂಬನ್ನು ಎಸೆದ ಮಕ್ಕಳು ದೇಶದಲ್ಲಿ ಎಷ್ಟು ಸಾವಿರವೋ. ಏನೂ ಆಗದೆ ಮನೆಗೆ ಹೋದವರ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ದಂಡದ ಭಯ ಹುಟ್ಟಿಸುವ ನಿಷೇಧ ಎಡವುವುದು ಇಲ್ಲಿಯೇ. ಅದು ಮಾತಾಡುವುದು ಒಬ್ಬೊಬ್ಬನೊಂದಿಗೆ, ಅಪಾಯ ಇರುವುದು ಒಟ್ಟು ಲೆಕ್ಕದಲ್ಲಿ.

ಮೇಲಾಗಿ ಈ ನಿಷೇಧಗಳು ತೂತು ಮಡಕೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ದಾರಿಯನ್ನು ಕಾನೂನೇ ತೋರಿಸಿಕೊಟ್ಟ ಉದಾಹರಣೆಗಳಿವೆ. ಒಹಾಯೊ ರಾಜ್ಯದಲ್ಲಿ 2022ರ ಮಧ್ಯದವರೆಗೂ ದೊಡ್ಡ ಪಟಾಕಿ ಮಾರಬಹುದಿತ್ತು, ಹಚ್ಚುವಂತಿರಲಿಲ್ಲ. ಕೊಳ್ಳುವವನು 48 ಗಂಟೆಯೊಳಗೆ ಮಾಲನ್ನು ರಾಜ್ಯದಿಂದಾಚೆ ಒಯ್ಯುತ್ತೇನೆಂದು ಅಂಗಡಿಯ ಗಲ್ಲಾದ ಮುಂದೆ ನಿಂತು ಮುಚ್ಚಳಿಕೆಗೆ ಸಹಿ ಹಾಕಬೇಕಿತ್ತು. ಬರೆಸಿಕೊಳ್ಳುವವನಿಗೂ ಬರೆದುಕೊಡುವವನಿಗೂ ಅದು ಸುಳ್ಳೆಂದು ಗೊತ್ತು. ಜನ ಅದನ್ನು ಸುಳ್ಳುಗಾರರ ಕಾನೂನು ಎಂದೇ ಕರೆದರು. ಐಡಾಹೊದಲ್ಲೂ ಇಂಥದೇ ಮುಚ್ಚಳಿಕೆಯ ಆಟವಿತ್ತು. 2016ರ ಜೂನ್ ಕೊನೆಯಲ್ಲಿ ಕಾನೂನುಬಾಹಿರ ಪಟಾಕಿಯ ಕಿಡಿಯಿಂದ ಬಾಯ್ಸಿ ನಗರದ ಪಕ್ಕದ ಟೇಬಲ್ ರಾಕ್ ಗುಡ್ಡ ಉರಿದು ಒಂದು ಮನೆ ಭಸ್ಮವಾದ ಮೇಲೆ, ಆ ಬಗೆಯ ಮಾರಾಟವೇ ಕಾನೂನಿಗೆ ವಿರುದ್ಧ ಎಂದು ರಾಜ್ಯದ ಅಟಾರ್ನಿ ಜನರಲ್ 2017ರಲ್ಲಿ ಅಭಿಪ್ರಾಯ ಕೊಟ್ಟರು. ಕ್ಯಾಲಿಫೋರ್ನಿಯಾದವರಿಗೆ ನೆವಾಡದ ಪಹ್ರಂಪ್ ಊರಿನ ದೊಡ್ಡ ಪಟಾಕಿ ಮಳಿಗೆಗಳು ಕೆಲವೇ ಗಂಟೆಯ ಕಾರು ಪ್ರಯಾಣ. ಲಾಸ್ ಏಂಜಲೀಸಿನ ಮನೆಯೊಂದರ ಹಿತ್ತಲಲ್ಲಿ 2021ರ ಜೂನ್ ಕೊನೆಯಲ್ಲಿ ಪೊಲೀಸರು ವಶಪಡಿಸಿಕೊಂಡ ಟನ್‌ಗಟ್ಟಲೆ ಮಾಲಿನಲ್ಲಿ ಅಲ್ಲಿಂದ ಬಂದದ್ದೂ ಇತ್ತು. ಅದರಲ್ಲಿ ಅಪಾಯಕಾರಿಯಾದ ಸ್ವಲ್ಪವನ್ನು ಸ್ಥಳದಲ್ಲೇ ಉಕ್ಕಿನ ಪೆಟ್ಟಿಗೆಯ ವಾಹನದೊಳಗೆ ಸಿಡಿಸಲು ಹೋಗಿ, ತೂಕದ ಅಂದಾಜು ತಪ್ಪಿ, ವಾಹನವೇ ಸಿಡಿದು 17 ಮಂದಿ ಗಾಯಗೊಂಡರು. ಬೆಂಗಳೂರಿನವರಿಗೆ ಇದು ಹೊಸ ಕಥೆಯಲ್ಲ. ಅಗ್ಗದ ಪಟಾಕಿಗೆಂದು ಹೊಸೂರಿನ ದಾರಿ ಹಿಡಿಯುವುದು ನಮ್ಮಲ್ಲಿ ದೀಪಾವಳಿಯ ಶಾಸ್ತ್ರವೇ ಆಗಿಬಿಟ್ಟಿದೆ. ಆ ದಾರಿಯ ಗಡಿಯಲ್ಲಿರುವ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಕೆಲಸಗಾರರು ಸತ್ತರು.

ಹಾಗಾದರೆ ಇನ್ನಷ್ಟು ಬಿಗಿ ಮಾಡಿದರೆ ಆಯಿತಲ್ಲ ಎನ್ನಬಹುದು. ಬೇಡ ಎನ್ನುವುದಷ್ಟನ್ನೇ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ 2020 ತಾನಾಗಿ ಒಂದು ಪ್ರಯೋಗ ನಡೆಸಿಕೊಟ್ಟಿತು. ಕೊರೊನಾದಿಂದಾಗಿ ಆ ವರ್ಷ ನಗರಗಳು ತಮ್ಮ ಸಾರ್ವಜನಿಕ ಪ್ರದರ್ಶನಗಳನ್ನು ಸಾಲುಸಾಲಾಗಿ ರದ್ದು ಮಾಡಿದವು. ಆಕಾಶ ಕತ್ತಲಾಗಲಿಲ್ಲ. ಜನ ತಾವೇ ಕೊಂಡು ತಮ್ಮ ಅಂಗಳದಲ್ಲಿ ಹಚ್ಚಿದರು. ಪಟಾಕಿ ಉದ್ಯಮದ ಸಂಘವೇ ಕೊಟ್ಟ ಲೆಕ್ಕದಂತೆ ಮನೆಬಳಕೆಯ ಪಟಾಕಿ ವಹಿವಾಟು 2019ರ ಒಂದು ಬಿಲಿಯನ್ ಡಾಲರ್‌ನಿಂದ 2020ರಲ್ಲಿ 1.9 ಬಿಲಿಯನ್‌ಗೆ ಜಿಗಿಯಿತು. ಗ್ರಾಹಕ ಸುರಕ್ಷತಾ ಆಯೋಗದ ಅಂದಾಜಿನಲ್ಲಿ ಪಟಾಕಿಯಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದವರು 10,000ದಿಂದ 15,600ಕ್ಕೆ ಏರಿದರು, ಸತ್ತವರು 12ರಿಂದ 18ಕ್ಕೆ. ಮನೆಯಲ್ಲೇ ಕೂತ ಬೇಸರ, ಕೈಗೆ ಬಂದ ಸರ್ಕಾರಿ ನೆರವಿನ ಹಣ ಇವೆಲ್ಲ ಅದಕ್ಕೆ ಸೇರಿಕೊಂಡಿರಬಹುದು; ಏರಿಕೆಯ ಪೂರಾ ಹೊಣೆಯನ್ನು ರದ್ದಾದ ಪ್ರದರ್ಶನಗಳ ತಲೆಗೆ ಕಟ್ಟಲಾಗದು. ಆದರೂ ಒಂದು ಮಾತು ಸ್ಪಷ್ಟ. ಎಲ್ಲರೂ ಸೇರಿ ನೋಡುವ ಬೆಳಕನ್ನು ಕಿತ್ತುಕೊಂಡರೆ ಅದು ಇಲ್ಲವಾಗುವುದಿಲ್ಲ, ಸಾವಿರ ಕೈಗಳಿಗೆ ಹಂಚಿಹೋಗುತ್ತದೆ. ಆ ಕೈಗಳಿಗೆ ತರಬೇತಿಯಿಲ್ಲ, ಪಕ್ಕದಲ್ಲಿ ನೀರಿನ ವಾಹನವಿಲ್ಲ.

ಇದರ ವಿರುದ್ಧ ದಿಕ್ಕಿನ ಪ್ರಯೋಗವನ್ನು ಅಮೆರಿಕ ನೂರು ವರ್ಷಕ್ಕೂ ಹಿಂದೆಯೇ ಮಾಡಿ ಗೆದ್ದಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜುಲೈ 4 ಎಂದರೆ ಆಸ್ಪತ್ರೆಗಳಿಗೆ ನಡುಕ. ಅಲ್ಲಿನ ವೈದ್ಯರ ಸಂಘದ ಪತ್ರಿಕೆ 1903ರ ಹಬ್ಬದಲ್ಲಿ 466 ಸಾವುಗಳನ್ನು ಲೆಕ್ಕ ಹಾಕಿತು. ಹೆಚ್ಚಿನವರು ಸತ್ತದ್ದು ಗುಂಡಿಲ್ಲದ ತೋಟಾ ಸಿಡಿಸುವಾಗ ಕೈಗಾದ ಸಣ್ಣ ಗಾಯಕ್ಕೆ ಧನುರ್ವಾಯು ಅಂಟಿ. ಆ ವೈದ್ಯರು, ಮಹಿಳಾ ಸಂಘಗಳು, ನಗರಸಭೆಗಳು ಕೂಡಿ ‘ಸುರಕ್ಷಿತ, ವಿವೇಕದ ಜುಲೈ 4’ ಎಂಬ ಚಳವಳಿ ಹೂಡಿದವು. ಅಂಗಡಿಯೊಂದರಲ್ಲಿ ಪಟಾಕಿಗೆ ಬೆಂಕಿ ಬಿದ್ದು ಜೀವಹಾನಿಯಾದ ಬೆನ್ನಿಗೆ ಕ್ಲೀವ್‌ಲ್ಯಾಂಡ್ ನಗರ 1908ರಲ್ಲಿ ನಿಷೇಧ ತಂದಿತು, ಬೇರೆ ನಗರಗಳು ಹಿಂಬಾಲಿಸಿದವು. ಚಳವಳಿಯ ಜಾಣತನ ಇದ್ದದ್ದು ನಿಷೇಧದ ಜೊತೆಗೆ ಅದು ಏನು ಕೊಟ್ಟಿತು ಎಂಬುದರಲ್ಲಿ. ಬೀದಿಬೀದಿಯ ಸಿಡಿತದ ಬದಲು ಊರೊಟ್ಟಿನ ಮೆರವಣಿಗೆ, ಇತಿಹಾಸದ ರೂಪಕಗಳು, ಆಟೋಟ ಸ್ಪರ್ಧೆ, ಕತ್ತಲಾದ ಮೇಲೆ ನಗರಸಭೆಯೇ ನಡೆಸುವ ಬಾಣಬಿರುಸು. ಹತ್ತು ವರ್ಷ ಕಳೆಯುವುದರೊಳಗೆ ಸಾವಿನ ಸಂಖ್ಯೆ ಎರಡಂಕಿಗೆ ಇಳಿದಿತ್ತು; ಧನುರ್ವಾಯುವಿಗೆ ಬಂದ ಮದ್ದಿಗೂ ಇದರಲ್ಲಿ ಪಾಲಿದೆ. ಇಂದು ಅಮೆರಿಕದವರು ಹಳೆಯ ಸಂಪ್ರದಾಯವೆಂದು ನೆನೆಯುವ ಉದ್ಯಾನದ ಚಾಪೆ, ಬ್ಯಾಂಡಿನ ಸಂಗೀತ, ನದಿಯ ಮೇಲಿನ ಬಾಣಬಿರುಸುಗಳೆಲ್ಲ ನೆಲೆಯಾದದ್ದು ಆ ಸುಧಾರಣೆಯಿಂದ.

ಪಶ್ಚಿಮದ ಒಣ ರಾಜ್ಯಗಳು ಈಗ ಮಾಡಬೇಕಾದ್ದೂ ಇದನ್ನೇ. ಮೊದಲನೆಯದು, ನಿಷೇಧ ಹೊರಡಿಸುವ ಪ್ರತಿ ಊರೂ ಅದೇ ಸಂಜೆ ತನ್ನದೊಂದು ಪ್ರದರ್ಶನವನ್ನು ಸರೋವರದ ಮೇಲೋ ಸಮುದ್ರದ ದಂಡೆಯಲ್ಲೋ ನೀರುಣಿಸಿದ ಮೈದಾನದಲ್ಲೋ ಏರ್ಪಡಿಸಲಿ. ಬೆಂಕಿಯೇ ಸಲ್ಲದ ಕಡೆ ಬೇರೆ ಬೆಳಕು ಇದೆ: ಸಾಲ್ಟ್ ಲೇಕ್ ಸಿಟಿ, ಬೋಲ್ಡರ್ ನಗರಗಳು 2023ರಲ್ಲಿ ಬಾಣಬಿರುಸು ಬಿಟ್ಟು ಡ್ರೋನ್ ಪ್ರದರ್ಶನಕ್ಕೆ ಹೊರಳಿದವು. ಎರಡನೆಯದು, ಹಚ್ಚುವವನನ್ನು ಬೆನ್ನಟ್ಟುವ ಶ್ರಮದ ಅರ್ಧವನ್ನಾದರೂ ಮಾರುವವನ ಕಡೆ ತಿರುಗಿಸಬೇಕು. ಒಂದು ಊರು ನಿಷೇಧಿಸಿ ಪಕ್ಕದ ಊರು ಮಾರುವವರೆಗೆ ಪೊಲೀಸರ ಓಡಾಟ ನೀರಲ್ಲಿ ಹೋಮ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯನ್ನೇ ನೋಡಿ: ಸಾನ್ ಹೋಸೆಯಲ್ಲಿ ಸಕಲ ಪಟಾಕಿಯೂ ನಿಷಿದ್ಧ, ಅದೇ ಕೌಂಟಿಯ ಗಿಲ್ರಾಯ್‌ನಲ್ಲಿ ರಾಜ್ಯದ ಮುದ್ರೆಯಿರುವ ಪಟಾಕಿಯ ಮಳಿಗೆಗಳು. ಮೂರನೆಯದು, ನಿಯಮ ಕ್ಯಾಲೆಂಡರಿಗಿಂತ ಹುಲ್ಲಿನ ತೇವವನ್ನು ನೋಡಬೇಕು. 2021ರ ಭೀಕರ ಬರದಲ್ಲಿ ಯೂಟಾದ ಗವರ್ನರ್, ಇಡೀ ರಾಜ್ಯಕ್ಕೆ ಪಟಾಕಿ ನಿಷೇಧಿಸುವ ಅಧಿಕಾರ ತಮಗಿಲ್ಲವೆಂದು ಹೇಳಿ ಜನರ ಸಂಯಮವನ್ನು ಬೇಡಬೇಕಾಯಿತು. ಗಾಳಿ ಮತ್ತು ಒಣಹವೆ ಒಟ್ಟಾದಾಗ ಹವಾಮಾನ ಇಲಾಖೆ ಕೊಡುವ ರೆಡ್ ಫ್ಲ್ಯಾಗ್ ಎಚ್ಚರಿಕೆಗೆ ಮಾರಾಟವನ್ನೇ ತಳಕು ಹಾಕಿದರೆ, ಮಳೆ ಬಂದ ವರ್ಷ ಸಡಿಲಿಕೆ, ಬರದ ವರ್ಷ ಬಿಗಿ ಎಂಬುದು ಜನಕ್ಕೂ ನ್ಯಾಯವಾಗಿ ಕಾಣುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ಅಂಕಿಗಳನ್ನು ಬಲ್ಲವರದು. ಅಮೆರಿಕದ ಮಹಾ ಕಾಳ್ಗಿಚ್ಚುಗಳಿಗೆ ಕಾರಣ ಪಟಾಕಿಯಲ್ಲ, ಸಿಡಿಲು ಮತ್ತು ವಿದ್ಯುತ್ ತಂತಿ ಎನ್ನುತ್ತಾರೆ ಅವರು. ಮಾತು ನಿಜ. 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಎಂಬ ಊರನ್ನೇ ನುಂಗಿ 85 ಜನರನ್ನು ಬಲಿ ಪಡೆದ ಕ್ಯಾಂಪ್ ಫೈರ್ ಹೊತ್ತಿದ್ದು ವಿದ್ಯುತ್ ಮಾರ್ಗದಿಂದ. ಬಾಲ್ಚ್ ಅವರ ಅಧ್ಯಯನದಲ್ಲೂ ಶೇ 84 ಬೆಂಕಿಗಳು ಮನುಷ್ಯರವಾದರೂ ಸುಟ್ಟ ನೆಲದಲ್ಲಿ ಅವುಗಳ ಪಾಲು ಶೇ 44 ಮಾತ್ರ. ಆದರೆ ಪಟಾಕಿಯ ಬೆಂಕಿ ಸಣ್ಣದರಲ್ಲೇ ಮುಗಿಯುವುದಕ್ಕೆ ಒಂದು ಕಾರಣ, ಆ ರಾತ್ರಿ ಸಾವಿರಾರು ಸಿಬ್ಬಂದಿ ರಜೆ ಬಿಟ್ಟು ಕಾದು ಕೂತಿರುತ್ತಾರೆ. ಒಂದೇ ಹೊತ್ತಿಗೆ ಹತ್ತು ಕಡೆಯಿಂದ ಕರೆ ಬಂದರೆ ಹನ್ನೊಂದನೆಯದಕ್ಕೆ ಕಳಿಸಲು ವಾಹನವಿರುವುದಿಲ್ಲ. ಸಿಡಿಲು ಬೀಳುವುದು ಬಹುಮಟ್ಟಿಗೆ ದೂರದ ಬೆಟ್ಟಗಳಲ್ಲಿ, ಮಳೆಮೋಡದ ಜೊತೆಗೆ. ಪಟಾಕಿ ಸಿಡಿಯುವುದು ಮನೆಗಳ ಬೆನ್ನಿಗೆ. 2020ರಲ್ಲಿ ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಸಾರುವ ಸಂಭ್ರಮಕ್ಕೆ ಹಚ್ಚಿದ ಹೊಗೆಬಾಣವೊಂದು ಎಲ್ ಡೊರಾಡೊ ಬೆಂಕಿಯಾಗಿ 22,000 ಎಕರೆ ಸುಟ್ಟು, ಒಬ್ಬ ಅಗ್ನಿಶಾಮಕ ಸಿಬ್ಬಂದಿಯ ಜೀವ ತೆಗೆಯಿತು. ಸಿಡಿಲನ್ನು ತಡೆಯಲು ಯಾರಿಂದಲೂ ಆಗದು, ತಂತಿಗಳನ್ನು ನೆಲದಡಿ ಹೂಳಲು ದಶಕಗಳು ಬೇಕು. ಒಂದು ಬೇಸಿಗೆಯಲ್ಲೇ ಕಡಿಮೆ ಮಾಡಬಹುದಾದ ಬೆಂಕಿ ಪಟಾಕಿಯದು.

ಎರಡನೆಯ ಆಕ್ಷೇಪ ಹಕ್ಕಿನದು ಮತ್ತು ಹೊಟ್ಟೆಪಾಡಿನದು. ನನ್ನ ಅಂಗಳ, ನನ್ನ ಹಬ್ಬ, ಅದೂ ಸ್ವಾತಂತ್ರ್ಯದ ಹಬ್ಬ, ಸರ್ಕಾರಕ್ಕೇನು ಕೆಲಸ ಎಂಬ ಮಾತಿಗೆ ಉತ್ತರ ಸರಳ: ಅಂಗಳ ಅವನದು, ಬೇಲಿಯಾಚೆಯ ಗುಡ್ಡ ಅವನದಲ್ಲ. ಹೊಟ್ಟೆಪಾಡಿನ ಮಾತು ಅಷ್ಟು ಸುಲಭದ್ದಲ್ಲ. ಕ್ಯಾಲಿಫೋರ್ನಿಯಾದ ಕೆಲವು ಊರುಗಳಲ್ಲಿ ನೆಲದಲ್ಲೇ ಉರಿಯುವ ಹೂಕುಂಡದಂಥ ಪಟಾಕಿಗೆ ಅನುಮತಿ ಇದೆ. ಜೂನ್ ಕೊನೆಗೆ ಅಂಗಡಿ ಸಾಲಿನ ಕಾರ್ ಪಾರ್ಕಿಂಗಿನಲ್ಲಿ ಹಲಗೆಯ ಮಳಿಗೆಗಳು ಏಳುತ್ತವೆ, ಶಾಲೆಯ ಬ್ಯಾಂಡಿನ ಮಕ್ಕಳ ತಂದೆತಾಯಿ, ಚರ್ಚಿನವರು, ಕ್ರೀಡಾ ಸಂಘದವರು ಸರದಿ ಮೇಲೆ ನಿಂತು ಮಾರುತ್ತಾರೆ. ಆ ಒಂದು ವಾರದ ಗಳಿಕೆಯಲ್ಲಿ ವರ್ಷದ ವಾದ್ಯ, ಸಮವಸ್ತ್ರ, ಪ್ರವಾಸ ನಡೆಯಬೇಕು. ನಿಷೇಧ ಮೊದಲು ಬೀಳುವುದು ಕಾನೂನು ಪಾಲಿಸುವ ಈ ಜನರ ಮೇಲೆ. ಗಡಿಯಾಚೆಯಿಂದ ಡಿಕ್ಕಿಯಲ್ಲಿ ತುಂಬಿ ತರುವವನಿಗೆ ಬಿಸಿಯೇ ತಟ್ಟುವುದಿಲ್ಲ. ಊರು ಆ ಮಳಿಗೆ ಮುಚ್ಚಿಸುವುದಾದರೆ, ತನ್ನ ಸಾರ್ವಜನಿಕ ಪ್ರದರ್ಶನದ ತಿಂಡಿ ಮಳಿಗೆ, ಪಾರ್ಕಿಂಗ್ ಶುಲ್ಕಗಳ ಆದಾಯವನ್ನು ಅದೇ ಸಂಘಗಳಿಗೆ ಬಿಟ್ಟುಕೊಡುವುದು ನ್ಯಾಯ.

ಸಾರ್ವಜನಿಕ ಪ್ರದರ್ಶನವೇನು ಬಹಳ ಸುರಕ್ಷಿತವೇ ಎಂದು ಕೇಳುವವರೂ ಇದ್ದಾರೆ. ಕೇಳಬೇಕಾದ್ದೇ. 2025ರ ಜುಲೈ 1ರಂದು ಕ್ಯಾಲಿಫೋರ್ನಿಯಾದ ಎಸ್ಪಾರ್ಟೊದಲ್ಲಿ ಪಟಾಕಿ ಗೋದಾಮು ಸ್ಫೋಟಗೊಂಡು ಏಳು ಮಂದಿ ಸತ್ತರು. ಸುತ್ತಲ ಹೊಲಗಳಿಗೂ ಬೆಂಕಿ ಹಬ್ಬಿತು, ಮೂರು ದಿನಗಳಲ್ಲಿ ನಡೆಯಬೇಕಿದ್ದ ಕೆಲವು ಪ್ರದರ್ಶನಗಳು ರದ್ದಾದವು. ಮೌಂಟ್ ರಶ್ಮೋರ್‌ನಲ್ಲಿ 2009ರ ನಂತರ ಒಂದು ದಶಕಕ್ಕೂ ಹೆಚ್ಚು ಕಾಲ ಬಾಣಬಿರುಸು ನಿಲ್ಲಿಸಿದ್ದಕ್ಕೆ ಸುತ್ತಲ ಒಣ ಪೈನ್ ಕಾಡೇ ಕಾರಣ. ಅಪಾಯ ಸೊನ್ನೆಯಾಗುವುದಿಲ್ಲ. ಆದರೆ ಒಂದು ಗೋದಾಮಿಗೆ ಪರವಾನಗಿ ಇದೆಯೇ, ಎಷ್ಟು ದಾಸ್ತಾನಿದೆ ಎಂದು ತನಿಖೆ ಮಾಡಬಹುದು, ಒಂದು ಪ್ರದರ್ಶನವನ್ನು ಗಾಳಿ ಎದ್ದರೆ ಹತ್ತು ನಿಮಿಷದಲ್ಲಿ ನಿಲ್ಲಿಸಬಹುದು. ಲಕ್ಷ ಅಂಗಳಗಳ ಮೇಲೆ ಅಂಥ ಹಿಡಿತ ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ಈ ಚರ್ಚೆ ಕನ್ನಡಿಗರಿಗೆ ದೂರದ್ದಲ್ಲ. ದೀಪಾವಳಿ ನಮ್ಮ ನೆಲದಲ್ಲಿ ಮಳೆಗಾಲ ಮುಗಿದ ಬೆನ್ನಿಗೆ, ಹುಲ್ಲು ಹಸಿರಿರುವಾಗ ಬರುತ್ತದೆ; ಬಂಡೀಪುರದ ಕಾಡಿಗೆ ಬೆಂಕಿಯ ಭಯ ಫೆಬ್ರುವರಿಯಿಂದ. ನಮ್ಮ ತಗಾದೆ ಹೊಗೆ, ಸದ್ದು ಮತ್ತು ಪ್ರತಿ ವರ್ಷ ಮಿಂಟೊ ಆಸ್ಪತ್ರೆಗೆ ಬರುವ ಕಣ್ಣುಗಳದು. ಅದೇ ಹಬ್ಬ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಆರು ತಿಂಗಳ ಒಣಹವೆಯ ಕೊನೆಗೆ, ಬಿರುಗಾಳಿ ಬೀಸುವ ವಾರಗಳಲ್ಲಿ ಬಂದು ನಿಲ್ಲುತ್ತದೆ. 2025ರಲ್ಲಿ ಆ ರಾಜ್ಯ ದೀಪಾವಳಿಗೆ ಅಧಿಕೃತ ಮಾನ್ಯತೆ ಕೊಟ್ಟಿದೆ. ಅಲ್ಲಿನ ಭಾರತೀಯರೂ ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಬಂದವರ ಹಾಗೆಯೇ ಬೇರೊಂದು ನೆಲದ ತಾರೀಖನ್ನು ಹೊತ್ತು ತಂದವರು. ಇತ್ತ ನಮ್ಮಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ರಾತ್ರಿ 8ರಿಂದ 10, ಹಸಿರು ಪಟಾಕಿ ಮಾತ್ರ ಎಂದಿತು. ಆದೇಶದ ಜೊತೆಗೆ ಜನ ಒಟ್ಟಾಗಿ ಬೆಳಕು ನೋಡುವ ಒಂದು ಮೈದಾನವನ್ನು ಹೆಚ್ಚಿನ ನಗರಪಾಲಿಕೆಗಳು ಒದಗಿಸಲಿಲ್ಲ, ಆದೇಶ ಕಾಗದದಲ್ಲೇ ಹೆಚ್ಚು ಉಳಿದುಕೊಂಡಿತು. ಹಬ್ಬದ ಆಸೆಯನ್ನು ಅಪರಾಧವೆಂದು ಕಾಣುವ ಆಡಳಿತಕ್ಕೆ ಪ್ರತಿ ವರ್ಷ ಅದೇ ಸೋಲು ಕಾದಿರುತ್ತದೆ. ಪಟಾಕಿ ಹಚ್ಚಬೇಡಿ ಎಂದು ಆದೇಶ ಬರೆಯುವ ಅಧಿಕಾರಿ ಅದೇ ಹಾಳೆಯ ಎರಡನೇ ಸಾಲಿನಲ್ಲಿ, ಇಂಥ ಕಡೆ ಇಷ್ಟು ಗಂಟೆಗೆ ಬನ್ನಿ ಎಂದು ಬರೆಯಲು ಕಲಿಯಬೇಕು. ಆ ಸಾಲಿಗೆ ಖರ್ಚಾಗುತ್ತದೆ, ನಿಜ. ಬೆಂಕಿ ಆರಿಸುವುದಕ್ಕೆ ಆಗುವ ಖರ್ಚಿನ ಮುಂದೆ ಅದು ಬಲು ಅಗ್ಗ.